ಗುಲಾಬಿ ನಾಲಿಗೆಗೆ ಹಚ್ಚಿ ನೋಡಿದ ಗಾಳಿ

ಗುಲಾಬಿಗೆ ಐದು ತಿಂಗಳ ಸಂಬಳ ಬರಬೇಕು. ತಿಂಗಳಿಗೆ ನಲವತ್ತೆರಡು ರೂಪಾಯಿ. ಕೊಡಬೇಕಾದವರು ಕುಂದಾಪುರದ ಅಳಿವೆ ಬೇಸಾಯ ಸಹಕಾರಿ ಸಂಘದವರು. ೧೯೬೮ರ ಮಾರ್ಚ್ ತಿಂಗಳಲ್ಲಿ ಅವಳನ್ನು ಕೆಲಸದಿಂದ ಹೊರಗೆ ಹಾಕಿದರು. ಈಗ ೧೯೭೨. ಒಂದು ಪೈಸೆ ಬಿಚ್ಚಿಲ್ಲ.

ಅವಳು ಕದಿಯಲಿಲ್ಲ, ಬಾಟ್ಲಿ ಒಡೆಯಲಿಲ್ಲ. ಸಂಘದ ಮಣ್ಣು ಪರೀಕ್ಷೆಯ ಯಂತ್ರಕ್ಕೆ ಊದುವ ಗಾಳಿಯಲ್ಲೇ ಉಪ್ಪಿದೆ ಎಂದಳು. ಅಷ್ಟೇ. ಹೇಳಿದ್ದು ಸತ್ಯವಾಗಿತ್ತು. ಆದರೆ ಆ ಯಂತ್ರ ಬರೆದುಕೊಟ್ಟ ಒಂದು ಹಳದಿ ಚೀಟಿಯ ಮೇಲೆ ಅವಳ ತಮ್ಮ ದೇವಪ್ಪನ ಮೂರು ಮುಡಿ ಬೀಜ ಬೀಳುವ ಗದ್ದೆ ನಿಂತಿತ್ತು, ಗದ್ದೆಯ ಬದಿಯ ಬಿಡಾರವೂ ನಿಂತಿತ್ತು. ಹಾಗಾಗಿ ಅವಳ ಸತ್ಯ ಬೇಕಾದವರು ಯಾರೂ ಇರಲಿಲ್ಲ.

ಗುಲಾಬಿಯನ್ನು ನಾನು ಮೊದಲು ಕಂಡದ್ದು ಹಂಚಿನ ಕಾರ್ಖಾನೆಯ ಗೇಟಿನಲ್ಲಿ. ಬಸ್ರೂರಿನ ಹೊಳೆಬದಿಯವಳು. ೧೯೫೬ರಲ್ಲಿ, ಹದಿನಾಲ್ಕನೇ ವಯಸ್ಸಿಗೆ, ಹಸಿ ಹಂಚು ಹೊರಲು ಸೇರಿದಳು. ಮದುವೆಯಾಯಿತು, ಗಂಡ ಬೊಂಬಾಯಿಯ ಹೋಟೆಲಿಗೆ ಹೋದವನು ಎರಡು ಕಾಗದ ಹಾಕಿ ಸುಮ್ಮನಾದ. ಅವಳು ತಮ್ಮನ ಬಿಡಾರಕ್ಕೆ ವಾಪಸು ಬಂದಳು, ಹಂಚು ಹೊರುವುದು ಮುಂದುವರಿಯಿತು. ಅರವತ್ತೆರಡರ ಮುಷ್ಕರದಲ್ಲಿ ಹೆಂಗಸರ ಸಾಲಿನ ಮುಂದೆ ನಿಂತವಳು ಇವಳೇ. ಮುಷ್ಕರ ಮುಗಿದ ಮೇಲೆ ನಮ್ಮನ್ನೆಲ್ಲ ಒಳಗೆ ತೆಗೆದುಕೊಂಡರು, ಅವಳನ್ನು ಬಿಟ್ಟು. ನಾವು ಕಾರ್ಮಿಕ ಸಂಘಟನೆಯವರು ಅದಕ್ಕೊಂದು ಮನವಿ ಬರೆದು ಕೈತೊಳೆದುಕೊಂಡೆವು. ಎರಡು ವರ್ಷ ಅವಳು ಮೀನು ಹೊತ್ತಳು. ಅರವತ್ತನಾಲ್ಕರಲ್ಲಿ ಬೇಸಾಯ ಸಂಘ ಮಣ್ಣು ಪರೀಕ್ಷೆಯ ಶಾಲೆ ತೆರೆದಾಗ ಬಾಟ್ಲಿ ತೊಳೆಯಲು ಸೇರಿದಳು.

ಶಾಲೆ ಎಂದರೆ ಅಳಿವೆಗೆ ಮುಖ ಮಾಡಿದ ಒಂದು ಹಳೆಯ ಗುದಾಮು. ಅದರೊಳಗೆ ಫ್ಲೇಮ್ ಫೋಟೋಮೀಟರ್ ಎಂಬ ಯಂತ್ರ. ಜನರ ಬಾಯಲ್ಲಿ ಬೆಂಕಿ ಮಿಷನ್ನು. ಗದ್ದೆಯ ಮಣ್ಣನ್ನು ನೀರಲ್ಲಿ ಕಲಸಿ ಸೋಸುತ್ತಾರೆ. ಸೋಸಿದ್ದಕ್ಕೆ ಐವತ್ತು ಪಾಲು ಬಟ್ಟಿ ಇಳಿಸಿದ ನೀರು ಬೆರೆಸಿ, ಗಾಳಿಯ ಜೋರಿನಲ್ಲಿ ಹನಿ ಮಾಡಿ ನೀಲಿ ಜ್ವಾಲೆಯೊಳಗೆ ಊದುತ್ತಾರೆ. ನೀರಲ್ಲಿ ಉಪ್ಪಿದ್ದರೆ ಜ್ವಾಲೆ ಹಳದಿಯಾಗುತ್ತದೆ. ಎಷ್ಟು ಹಳದಿಯೋ ಅಷ್ಟು ಮೀಟರಿನ ಮುಳ್ಳು ಏರುತ್ತದೆ. ಐವತ್ತು ಪಾಲು ತೆಳು ಮಾಡಿದ್ದರಿಂದ ಮುಳ್ಳು ಒಂದು ಗೆರೆ ತಪ್ಪಿದರೆ ಚೀಟಿಯಲ್ಲಿ ಐವತ್ತು ಗೆರೆ ತಪ್ಪುತ್ತದೆ.

ಉರಿಯಲು ಗ್ಯಾಸ್ ಬೇಕು, ಊದಲು ಗಾಳಿ ಬೇಕು. ಎರಡೂ ಚೊಕ್ಕವಿರಬೇಕು ಎಂದು ಯಂತ್ರದ ಜೊತೆ ಬಂದ ಪುಸ್ತಕದಲ್ಲೇ ಇತ್ತು.

ಯಂತ್ರ ನೋಡಿಕೊಳ್ಳುತ್ತಿದ್ದವನು ರಾಜೀವ, ಶಂಕರನಾರಾಯಣದ ಹುಡುಗ, ಬಿ.ಎಸ್ಸಿ. ಓದಿದವನು. ಗ್ಯಾಸಿನ ವಿಷಯದಲ್ಲಿ ಅವನು ಮಡಿವಂತ. ಅಸೆಟಿಲಿನ್ ಸಿಲಿಂಡರು ಮಂಗಳೂರಿನಿಂದಲೇ ಬರಬೇಕು, ಮೊಹರು ಒಡೆದಿರಬಾರದು, ಪೂರ್ತಿ ಬರಿದಾಗುವ ಮೊದಲೇ ಬದಲಿಸಬೇಕು, ಇಲ್ಲದಿದ್ದರೆ ತಳದ ದ್ರವ ಜ್ವಾಲೆಗೆ ಬರುತ್ತದೆ. ಬೆಸುಗೆಯ ಕಿಟ್ಟ, ದೋಣಿ ಶೆಡ್ಡಿನಲ್ಲಿ ಡ್ರಮ್ಮಿಗೆ ಕಾರ್ಬೈಡ್ ಹಾಕಿ ಗ್ಯಾಸ್ ಮಾಡುವವನು, ಒಮ್ಮೆ ಅರ್ಧ ರೇಟಿಗೆ ಕೊಡುತ್ತೇನೆಂದು ಬಂದ.

ರಾಜೀವ ಮೂಗು ಮುಚ್ಚಿಕೊಂಡ. "ಬೆಳ್ಳುಳ್ಳಿ ನಾತ ಬತ್ತ್ ಮಾರಾಯ. ಅದ್ ಕೊಳಕ್ ಗ್ಯಾಸ್. ಮಿಷನ್ನಿಗೆ ಆತಿಲ್ಲೆ."

"ನೀವ್ ಬೆಳ್ಳುಳ್ಳಿ ತಿಂಬುದಿಲ್ಲೆ ಸೈ, ನಿಮ್ ಮಿಷನ್ನೂ ತಿಂಬುದಿಲ್ಯಾ?" ಎಂದ ಕಿಟ್ಟ, ನಗುತ್ತ ಹೋದ.

ಸಂಘದ ಅಧ್ಯಕ್ಷ ಮಂಜಯ್ಯ. ಬಸ್ರೂರಿನ ಹೊಳೆಬದಿಯ ಗದ್ದೆಗಳ ಧಣಿಯೂ ಅವನೇ, ದೇವಪ್ಪನ ಒಡೆಯನೂ ಅವನೇ. ಬೆಂಕಿಯೆಂದರೆ ಬೆಂಕಿ, ಅದರಲ್ಲಿ ಎಂಥ ಜಾತಿ ಎಂಬುದು ಅವನ ವಾದ. ಕೊನೆಗೆ ಮಂಗಳೂರಿನ ಸಿಲಿಂಡರಿಗೆ ಒಪ್ಪಿದ, ಆದರೆ ವರ್ಷಕ್ಕೆ ನಾಲ್ಕೇ ಎಂದು ಕಟ್ಟು ಹಾಕಿದ.

ಗಾಳಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದಕ್ಕೆ ಬಿಲ್ಲಿಲ್ಲವಲ್ಲ. ಕಾಸು ಕೊಟ್ಟು ತಂದದ್ದನ್ನು ನಾವು ಮೂಸಿ ಮುಟ್ಟಿ ನೋಡುತ್ತೇವೆ; ಪುಕ್ಕಟೆ ಬಂದದ್ದು ಶುದ್ಧ ಎಂದು ನಂಬುತ್ತೇವೆ. ಗಾಳಿ ಹೀರುವ ಕಂಪ್ರೆಸರನ್ನು ರಾಜೀವ ಪಡುವಣ ಕಿಟಕಿಗೆ ಕೂರಿಸಿದ. "ಕಡಲ್ ಗಾಳಿಗಿಂತ ಚೊಕ್ಕದ್ದ್ ಎಲ್ಲಿತ್ತ್? ಕ್ಷಯ ಬಂದವರ್ನ್ ಕಡಲ್ ಬದಿಗೆ ಕಳ್ಸತ್ರ್" ಎಂದ. ಎಲ್ಲರೂ ಹೌದೆಂದರು. ಸಂಘದ ಶೇರುದಾರನಾಗಿ ನಾನೂ ಹೌದೆಂದೆ.

ಇನ್ನು ಅವರ ಕೆಲಸದ ಕ್ರಮ. ಕುಂದಾಪುರದ ಸಂತೆ ಶನಿವಾರ. ಬಾಳೆಗೊನೆ, ಕೋಳಿ ತರುವ ಒಕ್ಕಲುಗಳು ಅದೇ ದಿನ ಬಟ್ಟೆಯಲ್ಲಿ ಕಟ್ಟಿ ಮಣ್ಣನ್ನೂ ತರುತ್ತಿದ್ದರು. ಬೆಳಿಗ್ಗೆಯೆಲ್ಲ ಹೆಸರು ಬರೆದುಕೊಳ್ಳುವ ಗಲಾಟೆ. ಜನ ಕರಗಿದ ಮೇಲೆ ಮಧ್ಯಾಹ್ನ ಮೂರಕ್ಕೆ ರಾಜೀವ ಜ್ವಾಲೆ ಹಚ್ಚಿ, ಬರೀ ನೀರು ಊದಿ, ಗುಂಡಿ ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸುತ್ತಿದ್ದ. ಇದನ್ನು ದಿನಾ ಮಾಡಬೇಕು, ಯಂತ್ರ ಹಚ್ಚಿದಾಗೆಲ್ಲ ಮಾಡಬೇಕು. ಅರ್ಧ ತಾಸು ಗ್ಯಾಸ್ ಸುಡುತ್ತದೆ. ವರ್ಷಕ್ಕೆ ನಾಲ್ಕು ಸಿಲಿಂಡರಿನಲ್ಲಿ ಅದು ಹೇಗೆ ಸಾಧ್ಯ? ಅವನು ಶನಿವಾರ ಒಮ್ಮೆ ಸೊನ್ನೆ ಹಿಡಿದು ಗುಂಡಿಯ ಮೇಲೆ ಕೆಂಪು ಬಣ್ಣದಲ್ಲಿ ಗೆರೆ ಎಳೆದುಬಿಡುತ್ತಿದ್ದ. ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ ಎಂಟರ ತಂಪಿನಲ್ಲಿ, ಅದೇ ಗೆರೆಗೆ ಗುಂಡಿ ನಿಲ್ಲಿಸಿ ಮಣ್ಣಿನ ಲೆಕ್ಕ ಓದುತ್ತಿದ್ದ.

ನಮ್ಮ ಕಡೆ ಮಳೆಗಾಲ ಕಳೆದ ಮೇಲೆ ಬೆಳಿಗ್ಗೆ ನೆಲದ ಕಡೆಯಿಂದ ಮೂಡುಗಾಳಿ, ಮಧ್ಯಾಹ್ನದಿಂದ ಕಡಲಿನ ಕಡೆಯಿಂದ ಪಡುಗಾಳಿ. ದೋಣಿಯವರ ಕೂಸಿಗೂ ಗೊತ್ತು. ಯಂತ್ರದ ಪುಸ್ತಕ ಬರೆದವನಿಗೆ ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಬರೀ ನೀರು ಊದಿದರೂ ಜ್ವಾಲೆ ಹಳದಿ ಹೊಡೆಯುತ್ತಿತ್ತು. ರಾಜೀವನಿಗೆ ಕಾರಣ ಸಿಕ್ಕಿತ್ತು.

"ಹೆಣೆ ಗುಲಾಬಿ, ಮೀನ್ ತಿಂದ್ ಕೈ ತೊಳುಕೆ ಎಂತ ನಿಂಗೆ? ಬಾಟ್ಲಿ ಇಡೀ ಉಪ್ಪ್!"

"ತೊಳ್ದಿದೆ ಮಾಷ್ಟ್ರೆ. ಮೂರ್ ಸರ್ತಿ." ಪುಸ್ತಕ ನೋಡಿ ಮಾತಾಡುವವರೆಲ್ಲ ಅವಳಿಗೆ ಮಾಷ್ಟ್ರೆ.

"ಮೂರಲ್ಲ, ಆರ್ ಸರ್ತಿ ತೊಳಿ. ಮೀನಿನ್ ಕೈ ಅಂದ್ರೆ ಮೀನಿನ್ ಕೈಯೇ."

ಮೂರು ವರ್ಷ ಈ ಮಾತು ತಿಂದಳು. ಶನಿವಾರ ಮೀನು ಬಿಟ್ಟಳು. ಬೂದಿಯಲ್ಲಿ ಕೈ ತಿಕ್ಕಿ ಉಗುರಿನ ಬುಡ ಸೀಳಿತು. ಜ್ವಾಲೆ ಹಳದಿಯೇ. ಬೈಗುಳ ಕೇಳುವುದು ಬಡವರಿಗೆ ಹೊಸತಲ್ಲ. ಮಾಡದ ತಪ್ಪಿಗೆ ಕೇಳುವುದು ಮಾತ್ರ ಒಳಗೆ ಮುಳ್ಳಿನ ಹಾಗೆ ಉಳಿಯುತ್ತದೆ.

ಅರವತ್ತೇಳರ ಸೆಪ್ಟೆಂಬರಿನಲ್ಲಿ ಬಸ್ರೂರಿನಲ್ಲಿ ಉಪ್ಪುನೀರು ತಡೆಯುವ ಹೊಳೆಯ ಕಟ್ಟ ಒಡೆಯಿತು. ಕಟ್ಟ ಕಟ್ಟಿಸಬೇಕಾದವನು ಧಣಿ, ಎರಡು ವರ್ಷದಿಂದ ಕಟ್ಟಿಸಿರಲಿಲ್ಲ. ಉಪ್ಪುನೀರು ಹನ್ನೊಂದು ಒಕ್ಕಲುಗಳ ಗದ್ದೆಗೆ ನುಗ್ಗಿತು. ದೇವಪ್ಪನ ಮೂರು ಮುಡಿ ಗದ್ದೆಯಲ್ಲಿ ಪೈರು ತೆನೆ ಬಿಡುವ ಹೊತ್ತಿಗೆ ಸುಟ್ಟ ಹುಲ್ಲಾಯಿತು. ಗೇಣಿ ಕೊಡಲು ಅಕ್ಕಿಯಿಲ್ಲ.

ಆ ಹೊತ್ತಿಗೆ ನಾನು ಗೇಣಿದಾರರ ಸಂಘದಲ್ಲೂ ಇದ್ದೆ. ನಾವು ಮಂಜಯ್ಯನ ಚಾವಡಿಗೆ ಹೋದೆವು.

"ರೋಗ ಬಂದ್ ಸುಟ್ಟ್ ಹೋಯಿತ್ತ್. ಇಲ್ದಿರೆ ಇವ್ನ್ ಸೋಂಬೇರಿ" ಎಂದ ಮಂಜಯ್ಯ.

"ಒಡೆಯಾ, ಗದ್ದೆ ಮಣ್ಣ್ ಒಂಚೂರ್ ನೆಕ್ಕಿರೆ ಗೊತ್ತಾತ್ತ್" ಎಂದ ದೇವಪ್ಪ.

"ನಿನ್ನ್ ನಾಲ್ಗಿ ಎಂತ ಸರ್ಕಾರದ್ದಾ? ನಮ್ಮ್ ಸಂಘದಲ್ಲಿ ಮಿಷನ್ ಇತ್ತ್. ಅದ್ ಹೇಳ್ಲಿ."

ಮಾತು ಹೀಗೆ ಕುದುರಿತು: ಚೀಟಿಯಲ್ಲಿ ಉಪ್ಪು ಎಂದು ಬಂದರೆ ಎರಡು ವರ್ಷ ಗೇಣಿಯಿಲ್ಲ. ಇಲ್ಲ ಎಂದು ಬಂದರೆ ಪೂರ್ತಿ ಗೇಣಿ ಅಳೆಯಬೇಕು. ಅಳೆಯಲಾರದವನು ಗದ್ದೆ ಬಿಡಬೇಕು, ಬಿಡಾರವನ್ನೂ. ಒಪ್ಪಿದವನು ನಾನು. ಯಂತ್ರಕ್ಕೆ ಧಣಿಯಿಲ್ಲ, ಒಕ್ಕಲಿಲ್ಲ ಎಂದು ಚಾವಡಿಯಲ್ಲಿ ಭಾಷಣ ಬಿಟ್ಟವನೂ ನಾನೇ. ಚಪ್ಪಾಳೆ ಬಿತ್ತು.

ಫೆಬ್ರವರಿಯಲ್ಲಿ ಹನ್ನೊಂದು ಹಳದಿ ಚೀಟಿ ಬಂದವು. ಹನ್ನೊಂದರಲ್ಲೂ ಒಂದೇ ಸಾಲು: ಉಪ್ಪಿನ ಅಂಶ ಗಣನೀಯವಲ್ಲ. ಯುಗಾದಿಯೊಳಗೆ ಗೇಣಿ, ಇಲ್ಲವೇ ಗದ್ದೆ ಎಂದು ಧಣಿಯ ಆಳು ಹೇಳಿ ಹೋದ.

ಚೀಟಿ ಓದಿಸಿಕೊಂಡ ದೇವಪ್ಪ ಅಕ್ಕನ ಮುಖ ನೋಡಿದನಂತೆ. "ಅಕ್ಕ, ನೀ ದಿನಾ ಆ ಬೆಂಕಿ ಎದ್ರಿಗೆ ಇಪ್ಪವ್ಳ್. ಅದ್ ಸುಳ್ಳ್ ಹೇಳತ್ತಾ?"

ಆ ವಾರದ ಶನಿವಾರ ಮೂರು ಗಂಟೆಗೆ ರಾಜೀವ ಸೊನ್ನೆ ಹಿಡಿದು ಚಾ ಕುಡಿಯಲು ಹೋದಾಗ ಅವಳು ಜ್ವಾಲೆ ಆರಿಸಲಿಲ್ಲ. ಊದುವ ಬಾಟ್ಲಿಯನ್ನೇ ತೆಗೆದಿಟ್ಟಳು. ನೀರಿಲ್ಲ, ಮಣ್ಣಿಲ್ಲ, ಅವಳು ತೊಳೆದ ಗಾಜು ಒಂದೂ ಇಲ್ಲ. ಬರೀ ಗ್ಯಾಸ್, ಬರೀ ಗಾಳಿ. ಜ್ವಾಲೆ ಹಳದಿ. ಮೂರು ವರ್ಷದ ಬೈಗುಳ ಆ ಕ್ಷಣಕ್ಕೆ ಸುಳ್ಳಾಯಿತು. ಸಂತೋಷಪಡಲು ಅವಳಿಗೆ ಪುರುಸೊತ್ತಿರಲಿಲ್ಲ. ಗ್ಯಾಸಾ, ಗಾಳಿಯಾ? ಕಂಪ್ರೆಸರಿನ ಬಾಯಿಗೆ ಒದ್ದೆ ಬಟ್ಟೆ ಹಿಡಿದಳು. ಹಳದಿ ಇಳಿಯಿತು, ನೀಲಿ ಮೇಲೆ ಬಂತು. ಬಟ್ಟೆ ತೆಗೆದಳು, ಮತ್ತೆ ಹಳದಿ. ಕಂಪ್ರೆಸರಿನ ಬಾಯಲ್ಲಿ ಧೂಳು ತಡೆಯಲು ತುರುಕಿದ ಉಣ್ಣೆಯನ್ನು ಚಿವುಟಿ ತೆಗೆದು ನಾಲಿಗೆಗೆ ಹಚ್ಚಿದಳು. ಒಣಮೀನಿಗಿಂತ ಉಪ್ಪು.

ರಾಜೀವ ಬಂದಾಗ ಅವಳು ಅಲ್ಲೇ ನಿಂತಿದ್ದಳು.

"ಮಾಷ್ಟ್ರೆ, ಇದ್ನ್ ಒಂಚೂರ್ ನೆಕ್ಕಿ."

"ಹುಚ್ಚ್ ಹಿಡಿತಾ ನಿಂಗೆ?"

"ನಂಗಲ್ಲ, ನಿಮ್ಮ್ ಗಾಳಿಗೆ. ಕಡಲ್ ಗಾಳಿ ಅಂದ್ರೆ ಕಡಲೇ ಅಲ್ದಾ? ಶನಿವಾರ ನೀವ್ ಸೊನ್ನೆ ಅಂದ್ ಗೆರೆ ಎಳುದ್ ಉಪ್ಪಿನ್ ಮೇಲೆ. ಸೋಮವಾರ ಬೆಳಿಗ್ಗೆ ಗಾಳಿಲಿ ಉಪ್ಪಿಲ್ಲೆ. ಮತ್ತ್ ಮಣ್ಣಿಂದ್ ಉಪ್ಪಲ್ಲಿ ಅಷ್ಟ್ ಕಳ್ದ್ ಹೋಪುದಲ್ದಾ?"

ರಾಜೀವ ನೆಕ್ಕಲಿಲ್ಲ. ಆದರೆ ಕುಳಿತುಬಿಟ್ಟ. ಅವನು ಮಡ್ಡನಲ್ಲ, ಒಂದೇ ಏಟಿಗೆ ಅರ್ಥವಾಗಿತ್ತು. ಆ ಉಪ್ಪಿನಷ್ಟು ಪ್ರತಿ ಚೀಟಿಯಲ್ಲೂ ಕಳೆದಿದೆ, ಐವತ್ತು ಪಟ್ಟಾಗಿ ಕಳೆದಿದೆ.

"ಇನ್ನ್ ಮೇಲೆ ಸರಿ ಮಾಡ್ವ" ಎಂದ ಸಣ್ಣ ದನಿಯಲ್ಲಿ.

"ಹಿಂದಿದ್ದ್?"

"ಹಿಂದಿನ್ ಚೀಟಿಗೆ ರುಜು ಹಾಕಿ ಆಯ್ತ್, ಗುಲಾಬಿ. ತಿದ್ದುಕಾತಿಲ್ಲೆ. ನನ್ನ್ ಕೆಲ್ಸ ಹೋತ್ತ್."

"ನನ್ನ್ ತಮ್ಮನ್ ಗದ್ದೆ ಹೋತ್ತಲೆ ಮಾಷ್ಟ್ರೆ."

ಅವನು ಎದ್ದು ಜ್ವಾಲೆ ಆರಿಸಿದ.

ಅವಳು ನನ್ನ ಹತ್ತಿರ ಬಂದಳು. ನಾನು ಮಂಜಯ್ಯನಿಗೆ ಸವಾಲು ಹಾಕಿದೆ: ಎಲ್ಲರೆದುರು ಜ್ವಾಲೆ ಹಚ್ಚಿ ತೋರಿಸಬೇಕು. ಅವನು ಸಲೀಸಾಗಿ ಒಪ್ಪಿದ. "ಬುಧವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ" ಎಂದ. ನಾನು ಹೂಂ ಎಂದು ಬಂದೆ. ಗುಲಾಬಿ ಕೇಳಿ ಹಣೆ ಚಚ್ಚಿಕೊಂಡಳು. "ಎಂಟಕ್ಕಾ? ಹ್ವಾಯ್, ಎಷ್ಟೊತ್ತಿಗೆ ಅಂಬುದೇ ಅಲ್ದಾ ಇಡೀ ಜಗ್ಳ!" ಹತ್ತು ವರ್ಷ ಧಣಿಗಳ ಜೊತೆ ಗುದ್ದಾಡಿದ ನನ್ನ ತಲೆಗೆ ಅದು ಹೊಳೆದಿರಲಿಲ್ಲ. ಹೊತ್ತು ಬದಲಿಸಿ ಎಂದು ಹೇಳಿ ಕಳಿಸಿದೆ. ಬಂದರೆ ಎಂಟಕ್ಕೆ, ಇಲ್ಲದಿದ್ದರೆ ಇಲ್ಲ ಎಂದು ಉತ್ತರ ಬಂತು.

ಬುಧವಾರ ಮೂಡುಗಾಳಿ ಚೆನ್ನಾಗಿತ್ತು. ಸಂಘದ ನಾಲ್ಕು ಡೈರೆಕ್ಟರುಗಳು, ಮಂಜಯ್ಯ, ರಾಜೀವ, ನಾನು, ದೇವಪ್ಪ, ಬಾಗಿಲಲ್ಲಿ ಒಕ್ಕಲುಗಳು. ಗುಲಾಬಿ ಜ್ವಾಲೆ ಹಚ್ಚಿದಳು. ನೀಲಿ. ಶಂಖಪುಷ್ಪದ ಹಾಗೆ ನೀಲಿ.

ಡೈರೆಕ್ಟರುಗಳು ಗೊಳ್ಳೆಂದು ನಕ್ಕರು. ಒಬ್ಬ ಕೇಳಿದ: "ಎಲ್ಲಿತ್ತ್ ಮಾರಾಯ್ತಿ ನಿನ್ನ್ ಹಳದಿ? ಕಾಮಾಲೆ ಎಂತ ನಿನ್ನ್ ಕಣ್ಣಿಗಾ?"

"ನೀಲಿಯೇ ಆಯ್ಕ್" ಎಂದಳು ಗುಲಾಬಿ. "ಈಗ ಗಾಳಿ ಮೂಡಿಂದ್. ಬೆಂಕಿ ಕಾಂಬುದ್ ಬ್ಯಾಡ, ಮುಳ್ಳ್ ಕಾಣಿ."

ಬರೀ ನೀರು ಊದಿದಳು. ಗುಂಡಿ ಶನಿವಾರದ ಕೆಂಪು ಗೆರೆಯಲ್ಲೇ ಇತ್ತು. ಮುಳ್ಳು ಸೊನ್ನೆಯಲ್ಲಿ ನಿಲ್ಲಬೇಕಿತ್ತು. ಅದು ಸೊನ್ನೆ ದಾಟಿ ಕೆಳಗಿಳಿದು, ಎಡಗಡೆಯ ತಡೆಗೆ ತಾಗಿಕೊಂಡು ಮಲಗಿತ್ತು.

"ಒಡೆಯಾ, ಏನೂ ಇಲ್ದೆ ಇದ್ರೆ ಸೊನ್ನೆ. ಏನೂ ಇಲ್ದಿದ್ದಕಿಂತ್ಲೂ ಕಮ್ಮಿ ಉಪ್ಪ್ ಇಪ್ಪ ನೀರ್ ಯಾವ್ ಊರಂಗಿತ್ತ್?"

ನಗು ನಿಂತಿತು. ಒಬ್ಬ ಡೈರೆಕ್ಟರು ಬಗ್ಗಿ ಮುಳ್ಳು ನೋಡಿದ, ಕನ್ನಡಕ ಒರೆಸಿ ಮತ್ತೆ ನೋಡಿದ. ಆ ಮುಳ್ಳನ್ನು ರಾಜೀವ ದಿನಾ ಬೆಳಿಗ್ಗೆ ನೋಡುತ್ತಿದ್ದ. ಸ್ಪ್ರಿಂಗು ಸಡಿಲ ಎಂದುಕೊಂಡು ಬೆರಳಲ್ಲಿ ತಟ್ಟಿ ಮುಂದೆ ಹೋಗುತ್ತಿದ್ದ.

"ಈಗ ಸೊನ್ನೆ ಹೊಸ್ತಾಯಿ ಹಿಡಿನಿ ಮಾಷ್ಟ್ರೆ" ಎಂದಳು ಗುಲಾಬಿ. "ಮತ್ತ್ ದೇವಪ್ಪನ್ ಗದ್ದೆ ಮಣ್ಣಿನ್ ನೀರ್ ಊದಿ. ಸಾಕ್. ಎಂತ ಬಂದ್ರೂ ನಾ ಬಾಯಿ ತೆರೆತಿಲ್ಲೆ."

ಮಣ್ಣಿನ ನೀರಿನ ಬಾಟ್ಲಿ ಮೇಜಿನ ಮೇಲೇ ಇತ್ತು. ರಾಜೀವನ ಕೈ ಗುಂಡಿಯ ತನಕ ಹೋಯಿತು. ಐದು ನಿಮಿಷದ ಕೆಲಸ. ದೇವಪ್ಪನ ಗದ್ದೆ ಆ ಕೈಯಲ್ಲಿತ್ತು.

ಮಂಜಯ್ಯ ಎದ್ದು ಬಂದು ಸಿಲಿಂಡರಿನ ಕೀಲಿ ತಿರುಗಿಸಿದ. ಜ್ವಾಲೆ ಟಪ್ಪೆಂದು ಆರಿತು.

"ಗ್ಯಾಸ್ ಸಂಘದ್ದ್. ಬಾಟ್ಲಿ ತೊಳೆವಳ ಆಟಕ್ಕಲ್ಲ." ಆಮೇಲೆ ರಾಜೀವನ ಕಡೆ ತಿರುಗಿದ. "ಒಂದೇ ಮಾತ್ ಹೇಳ್. ನೀ ರುಜು ಹಾಕಿದ್ ಚೀಟಿ ಸರಿ ಇತ್ತಾ, ಇಲ್ಯಾ?"

ರಾಜೀವ ನೆಲ ನೋಡಿದ. "ಸರಿ ಇತ್ತ್" ಎಂದ.

ದೇವಪ್ಪ ಬಾಗಿಲಿಗೆ ಹೋಗಿ ಉಗಿದು ಬಂದ. ನಾನು ಕೂಗಾಡಿದೆ. ಮಂಜಯ್ಯನ ಉತ್ತರ ಸಿದ್ಧವಿತ್ತು: ಯಂತ್ರವೇ ಹೇಳಲಿ ಎಂದು ಚಾವಡಿಯಲ್ಲಿ ಒಪ್ಪಿದವರು ಯಾರು? ಅಕ್ಕನೇ ಮಿಷನ್ ಮುಟ್ಟುವಾಗ ತಮ್ಮನಿಗೆ ಬೇಕಾದಂತೆ ಮುಳ್ಳು ಕುಣಿಸಿರಬಾರದೇಕೆ? ಗುಲಾಬಿಯನ್ನು ಅದೇ ಹೊತ್ತಿಗೆ ಹೊರಗೆ ಹಾಕಿದರು. ಅವಳು ಹೋಗುವ ಮೊದಲು ಮೇಜಿನ ಮೇಲಿನ ಬಾಟ್ಲಿಗಳನ್ನೆಲ್ಲ ತೊಳೆದು ಬೋರಲು ಹಾಕಿದಳು. ಏಕೆಂದು ನಾನು ಕೇಳಿದ್ದಕ್ಕೆ, "ನಾಳೆ ಕೊಳಕಿತ್ತ್ ಅಂದ್ ನನ್ನ್ ಹೆಸ್ರ್ ಹೇಳುಕಾಗ" ಎಂದಳು.

ಯುಗಾದಿಗೆ ಮೂರು ದಿನ ಮೊದಲು ದೇವಪ್ಪ ಗದ್ದೆ ಬಿಟ್ಟ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ. ಹನ್ನೊಂದರಲ್ಲಿ ಏಳು ಒಕ್ಕಲುಗಳು ಒತ್ತಿದವು. ಉಳಿದ ನಾಲ್ವರು ಹೆಂಡಿರ ಮೂಗುತಿ ಮಾರಿ ಗೇಣಿ ಅಳೆದರು. ಕೋರ್ಟಿಗೆ ಹೋಗೋಣ ಎಂದರೆ ದೇವಪ್ಪ ನನ್ನನ್ನು ನೋಡಿ, "ನೀವ್ ಇನ್ನೊಂದ್ ಸರ್ತಿ ನಂಗೆ ಸಹಾಯ ಮಾಡುದ್ ಬ್ಯಾಡ" ಎಂದ. ಈಗ ಬ್ರಹ್ಮಾವರದ ಕಡೆ ಯಾರದೋ ತೋಟದಲ್ಲಿ ತೆಂಗಿನ ಬುಡ ಬಿಡಿಸುತ್ತಾನೆ. ಗುಲಾಬಿ ಮತ್ತೆ ಬುಟ್ಟಿ ಹೊತ್ತಿದ್ದಾಳೆ. ಬೆಳಿಗ್ಗೆ ಬೈಂದೂರಿನ ಬಸ್ಸಿನಲ್ಲಿ ಅವಳನ್ನು ಹಿಂದಿನ ಮೆಟ್ಟಿಲಲ್ಲಿ ಕೂರಿಸುತ್ತಾರೆ. ತಮ್ಮ ಅವಳ ಹತ್ತಿರ ಹೆಚ್ಚು ಮಾತಾಡುವುದಿಲ್ಲ. ನಾಲ್ಕು ವರ್ಷ ಆ ಬೆಂಕಿಯ ಎದುರೇ ಇದ್ದು ಇದನ್ನು ಮೊದಲೇ ಯಾಕೆ ಕಾಣಲಿಲ್ಲ ಎಂಬುದು ಅವನ ಸಿಟ್ಟು. ಆ ಸಿಟ್ಟು ಅನ್ಯಾಯದ್ದು. ಆದರೆ ಗದ್ದೆ ಹೋದವನಿಗೆ ನ್ಯಾಯ ಕಲಿಸಲು ನಾನು ಹೋಗಿಲ್ಲ.

ಅರವತ್ತೆಂಟರ ಅಕ್ಟೋಬರಿನಲ್ಲಿ ಕಂಪ್ರೆಸರ್ ಪಡುವಣ ಕಿಟಕಿಯಿಂದ ಮೂಡಣ ಕೋಣೆಗೆ ಹೋಯಿತು. ಗಾಳಿ ಎರಡು ನೀರಿನ ಬಾಟ್ಲಿ, ಒಂದು ಹತ್ತಿಯ ಕೊಳವೆ ದಾಟಿ ಬರುವಂತಾಯಿತು. ಮರುವರ್ಷದಿಂದ ಗಾಳಿಯನ್ನೇ ಸಿಲಿಂಡರಿನಲ್ಲಿ ಮಂಗಳೂರಿನಿಂದ ತರಿಸುತ್ತಾರೆ. ಸೊನ್ನೆಯನ್ನು ದಿನಾ ಹಿಡಿಯುತ್ತಾರೆ. ರಾಜೀವ ಕಳಿಸಿದ ಆರ್ಡರಿನ ನಕಲು ನಾನು ಕಂಡಿದ್ದೇನೆ: "ಒಣ ಗಾಳಿ, ಎಣ್ಣೆಯಾಗಲಿ ಉಪ್ಪಾಗಲಿ ಇರಕೂಡದು." ಅಂದರೆ ಸಂಘಕ್ಕೆ ಗೊತ್ತು. ಗೊತ್ತಿದ್ದೇ ಯಂತ್ರ ಸರಿ ಮಾಡಿದರು, ಚೀಟಿ ಸರಿ ಮಾಡಲಿಲ್ಲ. ಯಂತ್ರದ ತಪ್ಪಿಗೆ ಮದ್ದು ಸಿಕ್ಕಿತು, ಅದರಿಂದ ಗದ್ದೆ ಕಳಕೊಂಡವರಿಗೆ ಒಂದು ಸಾಲಿನ ಕಾಗದವೂ ಸಿಗಲಿಲ್ಲ.

ಹಿಂದಿನ ವರ್ಷಗಳದ್ದು ಬಿಡಿ, ಗೇಣಿ ಜಗಳ ಎದ್ದ ಮೇಲೆ, ಅರವತ್ತೇಳರ ನವೆಂಬರಿನಿಂದ ಅರವತ್ತೆಂಟರ ಸೆಪ್ಟೆಂಬರಿನವರೆಗೆ ಆ ಕೊಳಕು ಸೊನ್ನೆಯ ಮೇಲೆ ಬರೆದ ಚೀಟಿಗಳು ಅರವತ್ತಮೂರು. ಚೀಟಿಯ ನಂಬರು ಹಿಡಿದು ಎಣಿಸಿದ್ದೇನೆ. ಅವು ಸತ್ತಿಲ್ಲ. ಕಳೆದ ತಿಂಗಳು ಬಿಜೂರಿನ ಚಂದು ಎಂಬ ವಿಧವೆಗೆ ಗದ್ದೆ ಬಿಡು ಎಂದು ನೋಟೀಸು ಬಂದಿದೆ. ಬೆಳೆ ಹಾಳಾದದ್ದು ಉಪ್ಪುನೀರಿನಿಂದಲ್ಲ, ಇವಳ ಅಲಕ್ಷ್ಯದಿಂದ ಎಂಬುದಕ್ಕೆ ನೋಟೀಸಿನ ಜೊತೆ ಪಿನ್ನು ಹಾಕಿದ ಸಾಕ್ಷಿ, ಅದೇ ಹಳದಿ ಚೀಟಿ, ನಂಬರು ಐವತ್ತೊಂದು. ಉಳುವವನಿಗೇ ಭೂಮಿ ಎಂದು ದೊಡ್ಡವರೆಲ್ಲ ಮೈಕಿನಲ್ಲಿ ಹೇಳುವ ಈ ಹೊತ್ತಿನಲ್ಲಿ, ಆ ಕಾನೂನು ಬರುವ ಮೊದಲೇ ಒಕ್ಕಲು ಎಬ್ಬಿಸಲು ಧಣಿಗಳಿಗೆ ಇಂಥ ಕಾಗದ ಬಂಗಾರ.

ಏಪ್ರಿಲ್ ಹದಿನಾರಕ್ಕೆ ಸಂಘದ ಮಹಾಸಭೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಹತ್ತು ರೂಪಾಯಿಯ ಶೇರು ಇಟ್ಟವರು, ವರ್ಷಕ್ಕೊಮ್ಮೆ ಹೋಗಿ ಅವಲಕ್ಕಿ ತಿಂದು ಕೈ ಎತ್ತಿ ಬರುವವರು. ಈ ಸಲ ಕೈ ಎತ್ತುವ ಮೊದಲು ಎದ್ದು ನಿಲ್ಲಿ. ಅರವತ್ತಮೂರು ಚೀಟಿಗಳನ್ನೂ ರದ್ದು ಮಾಡಿ, ಆ ಮಣ್ಣನ್ನೆಲ್ಲ ಚೊಕ್ಕ ಗಾಳಿಯಲ್ಲಿ ಮತ್ತೆ ಪರೀಕ್ಷಿಸಿ, ಅಲ್ಲಿಯವರೆಗೆ ಅವುಗಳ ಬಲದ ಮೇಲೆ ಒಬ್ಬ ಒಕ್ಕಲನ್ನೂ ಎಬ್ಬಿಸಕೂಡದು ಎಂಬ ಠರಾವು ಬರೆಸದೆ ಕೂರಬೇಡಿ. ಬರೆಸುತ್ತೀರೋ ಇಲ್ಲವೋ, ಈಗಲೇ ಹೇಳಿ.